ಕ್ಲೋರಿನ್‌ನ ಉತ್ಕರ್ಷಣ ಸಂಖ್ಯೆ: ನೀವು ಹೇಗೆ ಕಲಿತಿರಿ?

ಪ್ರಶ್ನೆ: ಉತ್ಕರ್ಷಣ ಸಂಖ್ಯೆ ಎಂದರೆ ಬಂಧದಲ್ಲಿ ಪರಮಾಣು ಎಷ್ಟು ಎಲೆಕ್ಟ್ರಾನು ಪಡೆದಿದೆ (ಋಣ) ಅಥವಾ ಕಳೆದುಕೊಂಡಿದೆ (ಧನ) ಎಂದು ಹಿಡಿಯುವ ಲೆಕ್ಕ. ಉಪ್ಪಿನಲ್ಲಿ ಕ್ಲೋರಿನ್ −1, ಅನಿಲವಾಗಿದ್ದಾಗ ಸೊನ್ನೆ, ಪರ್‌ಕ್ಲೋರಿಕ್ ಆಮ್ಲದಲ್ಲಿ +7. ಒಂದೇ ಧಾತುವಿಗೆ ಇಷ್ಟೊಂದು ಸಂಖ್ಯೆಗಳಿದ್ದರೆ ನೆನಪಿಟ್ಟುಕೊಳ್ಳುವುದು ಹೇಗೆ? ಪಾಠ ಹೇಳುವವರು, ಓದಿ ಮುಗಿಸಿದವರು ದಯವಿಟ್ಟು ತಿಳಿಸಿ.

ಅಧ್ಯಾಪಕಿಯೊಬ್ಬರು: ಪಟ್ಟಿಯನ್ನು ಉರು ಹೊಡೆಯಬೇಡಿ. ಕ್ಲೋರಿನ್‌ನ ಪಕ್ಕದಲ್ಲಿ ಯಾರಿದ್ದಾರೆ ಎಂಬುದನ್ನು ಮೊದಲು ನೋಡಿ ಎಂದೇ ನಾನು ಮಕ್ಕಳಿಗೆ ಹೇಳುವುದು. ಪೌಲಿಂಗ್ ಮಾಪಕದಲ್ಲಿ ಫ್ಲೋರಿನ್‌ನ ವಿದ್ಯುದೃಣತ್ವ (ಬಂಧದ ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆಯುವ ಬಲ) 3.98, ಆಕ್ಸಿಜನ್‌ನದು 3.44, ಕ್ಲೋರಿನ್‌ನದು 3.16. ಅಂದರೆ ಕ್ಲೋರಿನ್‌ನಿಂದ ಎಲೆಕ್ಟ್ರಾನುಗಳನ್ನು ಸೆಳೆಯಬಲ್ಲವರು ಮುಖ್ಯವಾಗಿ ಆ ಇಬ್ಬರೇ. ಅವರ ಜೊತೆಯಲ್ಲಿ ಧನ ಸಂಖ್ಯೆ. ಸೋಡಿಯಂ, ಹೈಡ್ರೋಜನ್, ಕಾರ್ಬನ್‌ಗಳ ಜೊತೆಯಲ್ಲಿ −1. ಅಯೋಡಿನ್ ಮೊನೊಕ್ಲೋರೈಡಿನಲ್ಲಿ ಇಬ್ಬರೂ ಹ್ಯಾಲೊಜನ್‌ಗಳೇ (ಒಂದೇ ಗುಂಪಿನ ಧಾತುಗಳೇ) ಆದರೂ ಋಣ ಸಂಖ್ಯೆ ಕ್ಲೋರಿನ್‌ಗೆ ಸೇರುತ್ತದೆ. ಕ್ಲೋರಿನ್ ಟ್ರೈಫ್ಲೋರೈಡಿನಲ್ಲಿ ಅದೇ ಕ್ಲೋರಿನ್ +3. ಧಾತುರೂಪದ ಅಣುವಿನಲ್ಲಿ ಎರಡು ಪರಮಾಣುಗಳ ಸೆಳೆತವೂ ಸಮ, ಹಾಗಾಗಿ ಸೊನ್ನೆ. ಹೊರಕವಚದಲ್ಲಿ ಏಳು ಎಲೆಕ್ಟ್ರಾನುಗಳಿರುವುದರಿಂದ −1 ಮತ್ತು +7 ಇದರ ಎರಡು ಎಲ್ಲೆಗಳು. ಆದರೆ ಏಳು ಎಲೆಕ್ಟ್ರಾನು ಕಳೆದುಕೊಂಡ ಕ್ಲೋರಿನ್ ಅಯಾನು ಪರ್‌ಕ್ಲೋರಿಕ್ ಆಮ್ಲದೊಳಗೆ ಇದೆ ಎಂದು ಊಹಿಸಬೇಡಿ. ಇದು ಲೆಕ್ಕದ ಸಂಖ್ಯೆ, ನಿಜವಾದ ವಿದ್ಯುದಾವೇಶವಲ್ಲ.

ನೀರು ಶುದ್ಧೀಕರಣ ಘಟಕದಲ್ಲಿ ಕೆಲಸ ಮಾಡುವವರು: ನಮಗೆ ಈ ಸಂಖ್ಯೆಗಳು ದಿನನಿತ್ಯದ ಮಾತು. ಹೈಪೋಕ್ಲೋರೈಟ್ +1, ಕ್ಲೋರೈಟ್ +3, ಕ್ಲೋರೇಟ್ +5, ಪರ್‌ಕ್ಲೋರೇಟ್ +7: ಒಂದೊಂದು ಆಕ್ಸಿಜನ್ ಹೆಚ್ಚಿದಂತೆ ಎರಡೆರಡು ಮೆಟ್ಟಿಲು. ನಡುವೆ +4ರಲ್ಲಿ ಕ್ಲೋರಿನ್ ಡೈಆಕ್ಸೈಡ್ ಇದೆ. ಅದರಲ್ಲಿ ಜೋಡಿಯಾಗದ ಒಂದು ಎಲೆಕ್ಟ್ರಾನು ಉಳಿದಿರುತ್ತದೆ. ಕ್ಲೋರಿನ್ ಅನಿಲವನ್ನು ನೀರಿಗೆ ಬಿಟ್ಟಾಗ ಸೊನ್ನೆಯಲ್ಲಿದ್ದ ಎರಡು ಪರಮಾಣುಗಳಲ್ಲಿ ಒಂದು −1ಕ್ಕೆ ಇಳಿದು ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ, ಇನ್ನೊಂದು +1ಕ್ಕೆ ಏರಿ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ರೋಗಾಣುಗಳನ್ನು ಕೊಲ್ಲುವುದು ಮುಖ್ಯವಾಗಿ ಆ ಎರಡನೆಯದು. ಇದೇ ಕ್ರಿಯೆ ಹಿಮ್ಮುಖವಾಗಿಯೂ ನಡೆಯುತ್ತದೆ: ಹೈಪೋಕ್ಲೋರೈಟ್ ಬ್ಲೀಚಿಗೆ ಹೈಡ್ರೋಕ್ಲೋರಿಕ್ ಆಮ್ಲ ಬೆರೆತರೆ +1 ಮತ್ತು −1 ಕೂಡಿ ಸೊನ್ನೆಯಾಗುತ್ತವೆ, ಅಂದರೆ ವಿಷಾನಿಲ ಹೊರಬರುತ್ತದೆ. ಶೌಚಾಲಯ ತೊಳೆಯುವ ಆಮ್ಲವನ್ನೂ ಬ್ಲೀಚನ್ನೂ ಎಂದಿಗೂ ಬೆರೆಸಬೇಡಿ.

ಸಂಶೋಧನಾ ವಿದ್ಯಾರ್ಥಿ: ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಬ್ಲೀಚಿಂಗ್ ಪೌಡರಿನ ಸರಳ ಸೂತ್ರದಲ್ಲಿ ಒಂದು ಕ್ಯಾಲ್ಸಿಯಂ, ಒಂದು ಆಕ್ಸಿಜನ್, ಎರಡು ಕ್ಲೋರಿನ್. ಕ್ಯಾಲ್ಸಿಯಂ +2, ಆಕ್ಸಿಜನ್ −2, ಆದ್ದರಿಂದ ಕ್ಲೋರಿನ್‌ಗೆ ಸೊನ್ನೆ ಎಂದು ಬರೆದು ಮುಂದೆ ಹೋಗುವವರು ಬಹಳ. ಆದರೆ ಅದು ಸರಾಸರಿ ಮಾತ್ರ. ಅಲ್ಲಿ ಒಂದು ಕ್ಲೋರಿನ್ ಕ್ಲೋರೈಡ್ ಆಗಿ −1ರಲ್ಲಿದೆ, ಇನ್ನೊಂದು ಹೈಪೋಕ್ಲೋರೈಟ್ ಆಗಿ +1ರಲ್ಲಿದೆ. ಡೈಕ್ಲೋರಿನ್ ಹೆಕ್ಸಾಕ್ಸೈಡ್ ಕೂಡ ಹಾಗೆಯೇ: ಲೆಕ್ಕ +6 ಎನ್ನುತ್ತದೆ, ಘನಸ್ಥಿತಿಯಲ್ಲಿ ಇರುವುದು +5 ಮತ್ತು +7. ಸೂತ್ರದಿಂದ ಸಂಖ್ಯೆ ತೆಗೆದ ಮೇಲೆ ರಚನೆಯ ಚಿತ್ರವನ್ನೂ ಬರೆಯಿರಿ. ಹೈಪೋಕ್ಲೋರಸ್ ಆಮ್ಲದಲ್ಲಿ ಹೈಡ್ರೋಜನ್ ಅಂಟಿಕೊಂಡಿರುವುದು ಆಕ್ಸಿಜನ್‌ಗೆ, ಕ್ಲೋರಿನ್‌ಗಲ್ಲ. ಚಿತ್ರ ಬರೆದರೆ +1 ಏಕೆ ಎಂಬುದು ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಬಿಸಿಯಾದ, ಸಾಂದ್ರ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕ್ಲೋರಿನ್ ಹಾಯಿಸಿದರೆ ಹೈಪೋಕ್ಲೋರೈಟಿನ ಬದಲು ಕ್ಲೋರೇಟ್ ಬರುತ್ತದಲ್ಲ, ಅಲ್ಲಿ ಲೆಕ್ಕ ಹೇಗೆ ಸರಿಹೋಗುತ್ತದೆ?

ಅಧ್ಯಾಪಕಿ: ಒಂದು ಪರಮಾಣು +5ಕ್ಕೆ ಏರಬೇಕಾದರೆ ಐದು ಪರಮಾಣುಗಳು −1ಕ್ಕೆ ಇಳಿಯಬೇಕು. ಅದಕ್ಕೇ ಮೂರು ಅಣು ಕ್ಲೋರಿನ್‌ಗೆ ಐದು ಸೋಡಿಯಂ ಕ್ಲೋರೈಡ್, ಒಂದು ಸೋಡಿಯಂ ಕ್ಲೋರೇಟ್. ಸಮೀಕರಣವನ್ನು ನೀವೇ ಬರೆದು ಹಾಕಿ, ನೋಡುತ್ತೇನೆ.