ಹತ್ತು ರೂಪಾಯಿ ನೋಟಿಗೆ ಕಿವಿ ಬಂದಿದೆ, ಬೆಲೆ ಬರುತ್ತಾ?

ಸುಮಾ ಕಡೂರು:

ಎಲ್ಲರಿಗೂ ನಮಸ್ಕಾರ. ನಾನು ನೋಟು ಸಂಗ್ರಹಿಸುವವಳಲ್ಲ, ಕಡೂರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದೇನೆ. ಅಪ್ಪ ಬಸ್ ಕಂಡಕ್ಟರ್ ಆಗಿದ್ದರು. ಹೋದ ತಿಂಗಳು ಅವರ ಟ್ರಂಕ್ ತೆಗೆದಾಗ ಡೈರಿಯೊಳಗೆ ಹಳೇ ಹತ್ತು ರೂಪಾಯಿ ನೋಟೊಂದು ಸಿಕ್ಕಿತು. ಮುಂದೆ ಗಾಂಧಿ, ಹಿಂದೆ ಹುಲಿ, ಆನೆ, ಘೇಂಡಾಮೃಗ. ಬಿಮಲ್ ಜಲಾನ್ ಸಹಿ ಇದೆ, ಹಿಂಬದಿಯಲ್ಲಿ ಇಸವಿ ಇಲ್ಲ. ಎಡಗಡೆ ಎರಡು ಪಿನ್ ತೂತು.

ವಿಚಿತ್ರ ಏನಂದ್ರೆ, ಮೇಲಿನ ಬಲ ಮೂಲೆಯಲ್ಲಿ ತ್ರಿಕೋನಾಕಾರದ ಕಾಗದ ಹೊರಗೆ ಚಾಚಿಕೊಂಡಿದೆ. ಬಟ್ಟೆ ಕತ್ತರಿಸುವಾಗ ಅಡಿಯಲ್ಲಿ ಮೂಲೆ ಮಡಚಿಕೊಂಡಿದ್ದರೆ, ಆಮೇಲೆ ಬಿಡಿಸಿದಾಗ ಒಂದು ಚೂರು ಜಾಸ್ತಿ ಬರುತ್ತಲ್ಲ, ಥೇಟ್ ಹಾಗೆ. ಆ ಚೂರಿನ ಮೇಲೆ ಡಿಸೈನ್ ಇಲ್ಲ. ಬಿಳಿ ಕಾಗದ, ತುದಿಯಲ್ಲಿ ಸಣ್ಣ ಬಣ್ಣದ ಪಟ್ಟಿ.

ಇದನ್ನು ನೋಡಿ ನನ್ನ ಮಗನಿಗೂ ಹುಚ್ಚು ಹಿಡಿಯಿತು. ಜಾತ್ರೆಯಲ್ಲಿ ಹಳೇ ನಾಣ್ಯ ಮಾರುವವರೊಬ್ಬರ ಹತ್ತಿರ ಹಂಪಿ ರಥದ 50 ರೂಪಾಯಿ ನೋಟನ್ನು 600 ಕೊಟ್ಟು ತಂದಿದ್ದಾನೆ. ಎಡಗಡೆ ಅಂಚಿನ ಡಿಸೈನ್ ತುಂಡಾಗಿದೆ. "ಕಟಿಂಗ್ ಎರರ್, ಮುಂದೆ ಸಾವಿರಾರು ಬರುತ್ತೆ" ಅಂದರಂತೆ.

ಫೋಟೋ ಒಂದು ಕಡೆ ಹಾಕಿದ್ದಕ್ಕೆ ಯಾರೋ ಫೋನ್ ಮಾಡಿ, ಹತ್ತರ ನೋಟಿಗೆ 3 ಲಕ್ಷ ಕೊಡುತ್ತೇವೆ, ಮೊದಲು ನೋಂದಣಿಗೆ 2,150 ಕಟ್ಟಿ ಅಂದರು. ನಂಬಬಹುದಾ? ಇನ್ನೊಂದು, ನೋಟು ಸ್ವಲ್ಪ ಮುದುಡಿದೆ. ಅಂಗಡಿಯಲ್ಲೇ ಇಸ್ತ್ರಿ ಪೆಟ್ಟಿಗೆ ಇದೆ, ಒಂದು ಸಲ ಎಳೆದುಬಿಡಲಾ?

ಹಳೇ ಕ್ಯಾಷಿಯರ್, ಶಿವಮೊಗ್ಗ:

ಸುಮಾ ಅವರೇ, ಮೊದಲು ಇಸ್ತ್ರಿ ಪೆಟ್ಟಿಗೆ ಆಫ್ ಮಾಡಿ! ಆಮೇಲೆ ಆ ಫೋನ್ ನಂಬರ್ ಬ್ಲಾಕ್ ಮಾಡಿ. ಕೊಳ್ಳುವವನು ದುಡ್ಡು ಕೊಡಬೇಕು, ಕೇಳಬಾರದು. ಹಳೇ ನೋಟು, ನಾಣ್ಯದ ಹೆಸರಲ್ಲಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಅಂತ ಆರ್‌ಬಿಐ 2021ರಲ್ಲೇ ಪ್ರಕಟಣೆ ಕೊಟ್ಟಿದೆ.

ಹತ್ತರ ನೋಟಿನ ವಿಷಯಕ್ಕೆ ಬರೋಣ. ಬಟ್ಟೆಯ ಉದಾಹರಣೆ ನೀವೇ ಕೊಟ್ಟಿರಿ, ನನ್ನ ಕೆಲಸ ಸುಲಭವಾಯಿತು. ನೋಟು ಒಂದೊಂದಾಗಿ ಅಚ್ಚಾಗುವುದಿಲ್ಲ. ದೊಡ್ಡ ಹಾಳೆಯಲ್ಲಿ ಸಾಲು ಸಾಲಾಗಿ ಅಚ್ಚಾಗಿ, ಹಾಳೆಗಳನ್ನು ಪೇರಿಸಿ ಬ್ಲೇಡಿನಲ್ಲಿ ಕತ್ತರಿಸುತ್ತಾರೆ. ಆಗ ಒಂದು ಹಾಳೆಯ ಮೂಲೆ ಮಡಚಿಕೊಂಡಿದ್ದರೆ ಆ ಭಾಗ ಬ್ಲೇಡಿಗೆ ಸಿಗದೆ ಒಳಗೇ ಉಳಿಯುತ್ತದೆ. ಬಿಡಿಸಿದರೆ ಕಿವಿ. ನಮ್ಮವರು ಇದಕ್ಕೆ ಬಟರ್‌ಫ್ಲೈ ಅನ್ನುತ್ತಾರೆ. ನಿಮ್ಮ ನೋಟು ಹಾಳೆಯ ಮೂಲೆಯದ್ದೇ ಇರಬೇಕು. ಬಿಳಿ ಕಾಗದ ಹಾಳೆಯ ಅಂಚು, ಬಣ್ಣದ ಪಟ್ಟಿ ಅಚ್ಚಿನವರ ಗುರುತು.

ಮಡಿಕೆ ಯಾವಾಗ ಬಿತ್ತು ಅನ್ನೋದನ್ನೂ ನೋಡಬೇಕು. ಅಚ್ಚಾದ ಮೇಲೆ ಬಿದ್ದಿದ್ದರೆ, ಬಿಡಿಸಿದಾಗ ಡಿಸೈನ್ ಎಲ್ಲೂ ತುಂಡಾಗದೆ ಮೂಲೆಯವರೆಗೂ ಹೋಗಿರುತ್ತದೆ. ಅಚ್ಚಿಗೆ ಮೊದಲೇ ಬಿದ್ದಿದ್ದರೆ ಮುಂಬದಿಯಲ್ಲಿ ಒಂದು ಕಡೆ ಖಾಲಿ ಉಳಿದು, ಆ ಚೂರು ಡಿಸೈನ್ ಹಿಂಬದಿಗೆ ಬಿದ್ದಿರುತ್ತದೆ. ಎರಡನೆಯದಕ್ಕೆ ಬೆಲೆ ಜಾಸ್ತಿ.

ಈಗ ಪರೀಕ್ಷೆ. ಕಿವಿಯನ್ನು ಹಳೇ ಮಡಿಕೆಯಲ್ಲೇ ಮೆಲ್ಲಗೆ ಮಡಚಿ. ಹೊಸ ಗೆರೆ ಬೀಳಿಸಬೇಡಿ. ಮಡಚಿದಾಗ ಕಿವಿ ನೋಟಿನ ಅಂಚಿನಿಂದ ಒಂದು ಕೂದಲೆಳೆಯಷ್ಟೂ ಹೊರಗೆ ಬರಬಾರದು. ಬಂದರೆ ಬ್ಲೇಡು ಅದನ್ನು ಹೇಗೆ ಬಿಟ್ಟಿತು, ಅಲ್ವಾ? ಬೆಳಕಿಗೆ ಹಿಡಿದಾಗ ಅಂಟಿಸಿದ ಗುರುತೂ ಕಾಣಬಾರದು. ಸ್ಕೇಲ್ ಇಟ್ಟು ಅಳೆಯಿರಿ. ಕಿವಿ ಬಿಟ್ಟು 137 ಮಿ.ಮೀ. ಉದ್ದ, 63 ಮಿ.ಮೀ. ಅಗಲ ಇರಬೇಕು.

ಐವತ್ತರದ್ದು 135ಕ್ಕೆ 66 ಇರಬೇಕು. ಅದನ್ನೂ ಅಳೆದು ಹೇಳಿ. ನನಗೆ ಅನುಮಾನ ಇದೆ.

ನನ್ನ ಕಥೆ ಒಂದು ಹೇಳಿಬಿಡುತ್ತೇನೆ. 1999 ಇರಬೇಕು. ಹೊಸ ಹತ್ತರ ಪ್ಯಾಕೆಟ್ ಎಣಿಸುವಾಗ ಹೆಬ್ಬೆರಳಿಗೆ ಒಂದು ಕಡೆ ದಪ್ಪ ಸಿಕ್ಕಿತು. ಬಿಡಿಸಿದೆ, ನಿಮ್ಮದರ ಹಾಗೇ ಕಿವಿ ಹೊರಗೆ ಬಂತು. ಕಟ್ಟು ತಟ್ಟಿದರೆ ಸಮ ಕೂರುತ್ತಿರಲಿಲ್ಲ. ಕೌಂಟರಿನಲ್ಲಿ ಜನ ಬೇರೆ. ಡ್ರಾಯರಿಂದ ಕತ್ತರಿ ತೆಗೆದು ಕಚಕ್ ಅಂತ ಕತ್ತರಿಸಿ, ಕಿವಿಯನ್ನು ಕಸದ ಬುಟ್ಟಿಗೆ ಹಾಕಿದೆ. ಹತ್ತು ವರ್ಷದ ನಂತರ ಒಂದು ನೋಟು ಮೇಳದಲ್ಲಿ ಅಂಥದ್ದನ್ನೇ ಗಾಜಿನೊಳಗೆ ಇಟ್ಟಿದ್ದರು. ಊಟ ಸೇರಲಿಲ್ಲ ಆವತ್ತು.

ಮೈಸೂರು ಮಧು:

ಸುಮಾ ಅಕ್ಕ, ನಮ್ಮ ಮೈಸೂರು ಪ್ರೆಸ್ಸಿನದ್ದೇ ಇರಬಹುದಾ? ಹಾಗಿದ್ರೆ ನಂಗೇ ಕೊಡಿ 😄

ಹಳೇ ಕ್ಯಾಷಿಯರ್, ಶಿವಮೊಗ್ಗ:

ಮಧು, ನೋಟಿನ ಮೇಲೆ ಪ್ರೆಸ್ಸಿನ ಹೆಸರು ಎಲ್ಲಿರುತ್ತಪ್ಪಾ? ನಾಸಿಕ್, ದೇವಾಸ್, ಮೈಸೂರು, ಸಾಲ್ಬೋನಿ, ನಾಲ್ಕು ಕಡೆ ಅಚ್ಚಾಗುತ್ತದೆ. ಊರಿನ ಅಭಿಮಾನ ಇರಲಿ, ಅದಕ್ಕೆ ಅಂತ ಜಾಸ್ತಿ ದುಡ್ಡು ಯಾರೂ ಕೊಡಲ್ಲ.

ಸುಮಾ ಕಡೂರು:

ಸರ್, ಅಳೆದೆ. ಹತ್ತರದ್ದು ಸರಿಯಾಗಿ 137, 63. ಕಿವಿ ಮಡಚಿದರೆ ಒಳಗೇ ಕೂರುತ್ತದೆ. ಡಿಸೈನ್ ಎಲ್ಲೂ ತುಂಡಾಗಿಲ್ಲ.

ಐವತ್ತರದ್ದು ಅಗಲ 66 ಇದೆ, ಉದ್ದ 131 ಅಷ್ಟೇ. ಬಲಗಡೆ ಅಂಚು ಬೇರೆ ನೋಟುಗಳ ಹಾಗೇ ಇದೆ. ಮಗನ ಮುಖ ಸಪ್ಪಗಾಗಿದೆ.

ಹಳೇ ಕ್ಯಾಷಿಯರ್, ಶಿವಮೊಗ್ಗ:

ಅಂದುಕೊಂಡೆ. ಹಾಳೆ ಸರಿದು ಕಟ್ ಆಗಿದ್ದರೆ ಎಡಗಡೆ ಕಳೆದುಕೊಂಡ 4 ಮಿ.ಮೀ. ಬಲಗಡೆ ಬಂದು ಸೇರಬೇಕಿತ್ತು. ಅಲ್ಲಿ ಪಕ್ಕದ ನೋಟಿನ ಒಂದು ಚೂರು ಕಾಣಬೇಕಿತ್ತು. ಒಟ್ಟು ಅಳತೆ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತದೆ. ಪ್ರೆಸ್ಸಿನಲ್ಲೇ ಒಂದು ಕಟ್ ಮಾತ್ರ ತಪ್ಪಿ ನೋಟು ಗಿಡ್ಡ ಆಗೋದೂ ಸಾಧ್ಯ, ಇಲ್ಲ ಅನ್ನಲ್ಲ. ಆದರೆ ಕಾಗದ ಕಮ್ಮಿ ಮಾಡೋಕೆ ಒಂದು ಕತ್ತರಿ ಸಾಕು, ಜಾಸ್ತಿ ಮಾಡೋಕೆ ಯಾರಿಗೂ ಬರಲ್ಲ. ಹಾಗಾಗಿ ಗಿಡ್ಡ ನೋಟಿಗೆ ಯಾರೂ ದುಡ್ಡು ಹಾಕಲ್ಲ. ಭೂತಗನ್ನಡಿಯಲ್ಲಿ ನಾಲ್ಕೂ ಅಂಚು ನೋಡಿ. ಕೈಯಿಂದ ಕೈಗೆ ಓಡಾಡಿದ ನೋಟಾಗಿದ್ದರೆ ಮೂರು ಅಂಚು ಮಾಸಿ, ಎಡಗಡೆಯದು ಮಾತ್ರ ಬೆಳ್ಳಗಿರುತ್ತದೆ.

ಇನ್ನೊಂದು ಮೋಸಕ್ಕೂ ಬೀಳಬೇಡಿ ಅಂತ ಮಗನಿಗೆ ಹೇಳಿ. ಮುಂಬದಿ ಮಾತ್ರ ಓರೆಯಾಗಿದ್ದು ಹಿಂಬದಿ ನೆಟ್ಟಗಿದ್ದರೆ ಅದು ಅಚ್ಚಿನ ತಪ್ಪು, ಕಟಿಂಗ್ ಅಲ್ಲ. ಕಟ್ ತಪ್ಪಿದ್ದರೆ ಎರಡೂ ಬದಿ ಒಟ್ಟಿಗೆ ಸರಿದಿರಬೇಕು. ಒಂದೆರಡು ಮಿ.ಮೀ. ಆಚೀಚೆ ಇದ್ದರೆ ಲೆಕ್ಕಕ್ಕಿಲ್ಲ, ನಿಮ್ಮ ಗಲ್ಲಾಪೆಟ್ಟಿಗೆಯಲ್ಲೇ ಹತ್ತು ಸಿಗುತ್ತವೆ.

ಹತ್ತರದ್ದು ಅಸಲಿ ಅನಿಸುತ್ತದೆ, ಕೈಯಲ್ಲಿ ಹಿಡಿದು ನೋಡದೆ ಪೂರ್ತಿ ಹೇಳಲ್ಲ. ಜಲಾನ್ ಗವರ್ನರ್ ಆಗಿದ್ದು 1997ರಿಂದ 2003. ಕಟ್ಟಿಗೆ ಪಿನ್ ಹೊಡೆಯೋದು ನಿಲ್ಲಿಸಿ ಅಂತ ಬ್ಯಾಂಕುಗಳಿಗೆ ಆರ್‌ಬಿಐ ಹೇಳಿದ್ದು 2001ರಲ್ಲಿ. ನಿಮ್ಮ ತೂತು ಆ ಕಾಲದ್ದೇ ಇರಬೇಕು. ತೂತು, ಮುದುಡು ಎರಡೂ ಸೇರಿ ಬೆಲೆ ಸ್ವಲ್ಪ ಇಳಿಸುತ್ತವೆ. ಎರಡು ವರ್ಷದ ಹಿಂದೆ ಇದಕ್ಕಿಂತ ಚೊಕ್ಕ ಇದ್ದ, ಕಿವಿ ಸ್ವಲ್ಪ ಚಿಕ್ಕದಿದ್ದ 20ರ ನೋಟನ್ನು ನಾನು 1,800 ಕೊಟ್ಟು ಕೊಂಡೆ. ಅದರ ಆಸುಪಾಸು ಇಟ್ಟುಕೊಳ್ಳಿ. ಲಕ್ಷ ಮರೆತುಬಿಡಿ. ಕಿವಿ ಬಿಡಿಸಿದ ಸ್ಥಿತಿಯಲ್ಲೇ ಪಿವಿಸಿ ಅಲ್ಲದ ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಟೇಪ್, ಗೋಂದು ಏನೂ ಬೇಡ.

ಸುಮಾ ಕಡೂರು:

ತುಂಬಾ ಥ್ಯಾಂಕ್ಸ್ ಸರ್. ಭೂತಗನ್ನಡಿ ಇರಲಿಲ್ಲ, ಸೂಜಿಗೆ ದಾರ ಪೋಣಿಸುವ ಕನ್ನಡಕದಲ್ಲೇ ನೋಡಿದೆ. ಎಡಗಡೆ ಅಂಚು ಬೆಳ್ಳಗೇ ಇದೆ, ನಡುವೆ ಒಂದು ಕಡೆ ಕತ್ತರಿ ನಿಲ್ಲಿಸಿ ಮತ್ತೆ ಹಾಕಿದ ಜಾಗವೂ ಕಾಣುತ್ತೆ. ಕತ್ತರಿ ಹಾಕಿದವರಿಗೆ ಕೈ ನೆಟ್ಟಗೆ ಬರಲ್ಲ, ನನ್ನ ಅಂಗಡಿಯಲ್ಲಾದರೆ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ.

ಹತ್ತರದ್ದು ಸದ್ಯಕ್ಕೆ ಅಪ್ಪನ ಡೈರಿಯಲ್ಲೇ ಇದೆ, ಕವರ್ ತಂದ ಮೇಲೆ ಹಾಕುತ್ತೇನೆ. ಐವತ್ತರದ್ದನ್ನು ಮಗ ಗೋಡೆಗೆ ಅಂಟಿಸಿಕೊಂಡಿದ್ದಾನೆ, ಕೆಳಗೆ "600" ಅಂತ ಬರೆದು.