ಅಪ್‌ಡೇಟ್: ಮಗಳಿಗೆ ಜೂಡೊ ಒಗ್ಗಿತು

ಹಾಸನದಲ್ಲಿ ಮಗಳನ್ನು ಯಾವ ಸಮರಕಲೆಗೆ ಸೇರಿಸಲಿ ಎಂದು ಕೇಳಿದ್ದೆ. ಕುಳ್ಳಗೆ ಗಟ್ಟಿಮುಟ್ಟಾಗಿದ್ದಾಳೆ, ಹೊಡೆಯಲು ಹಿಂಜರಿಯುತ್ತಾಳೆ ಎಂದೂ ಬರೆದಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಟೇಕ್ವಾಂಡೋಗೆ ಎತ್ತರದ ಒದೆತವೇ ಜೀವಾಳ, ಅವಳಿಗೆ ಹಿಡಿಸಲಿಲ್ಲ. ಕರಾಟೆಯ ಕಟಾಗಳು (ಎದುರಾಳಿಯಿಲ್ಲದೆ ಮಾಡುವ ನಿಗದಿತ ಚಲನೆಗಳ ಸರಣಿ) ಇಷ್ಟವಾದವು, ಆದರೆ ಎದುರಾಳಿಯ ಮುಂದೆ ಕೈ ಏಳಲಿಲ್ಲ. "ಒಮ್ಮೆ ಜೂಡೊ ತರಗತಿ ತೋರಿಸಿ" ಎಂದವರ ಮಾತೇ ಫಲಿಸಿತು. 1882ರಲ್ಲಿ ಜಪಾನಿನ ಜಿಗೊರೊ ಕಾನೊ ಕಟ್ಟಿದ ಈ ಕಲೆಯ ಪಂದ್ಯದಲ್ಲಿ ಗುದ್ದೂ ಇಲ್ಲ, ಒದೆಯೂ ಇಲ್ಲ. ಅಂಗಿ ಹಿಡಿದು, ಸಮತೋಲ ತಪ್ಪಿಸಿ ಕೆಡವಬೇಕು. ಎದುರಾಳಿಯ ಸೊಂಟದ ಕೆಳಗೆ ನುಗ್ಗಲು ಕುಳ್ಳಗಿರುವುದೇ ಅನುಕೂಲ.

ನನಗೆ ಅಚ್ಚರಿಯೆನಿಸಿದ್ದು, ಮೊದಲು ಕಲಿಸುವುದು ಬೀಳುವುದನ್ನು! ಗದ್ದವನ್ನು ಎದೆಗೊತ್ತಿ, ಇಡೀ ತೋಳನ್ನು ಚಾಪೆಗೆ ಫಟ್ಟನೆ ಬಡಿಯುತ್ತಾರೆ. ಪೆಟ್ಟು ಹರಡಿಹೋಗುತ್ತದೆ, ತಲೆ ನೆಲಕ್ಕೆ ತಾಗುವುದಿಲ್ಲ. ಮಕ್ಕಳನ್ನು ಸೇರಿಸುವವರು ಚಾಪೆ ದಪ್ಪಗಿದೆಯೇ, ನಡುವೆ ಸಂದುಗಳಿವೆಯೇ ಎಂದು ಕೈಯಾರೆ ಒತ್ತಿ ನೋಡಿ.