ಪದಚರ್ಚೆ: ‘ಓವರ್‌ಸೆಟ್ ಟೆಕ್ಸ್ಟ್’ಗೆ ಕನ್ನಡವೇನು? ಪೇಜ್‌ಮೇಕರ್ ಬಿಟ್ಟು ಇನ್‌ಡಿಸೈನ್ ಹಿಡಿಯುವವರ ಗೋಡೆಫಲಕಕ್ಕಾಗಿ

ಕೊಪ್ಪಳದ ಮುದ್ರಣಾಲಯವೊಂದು ಪುಟವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ ಕೈಬಿಟ್ಟು ಹೊಸದಾದ ಇನ್‌ಡಿಸೈನ್‌ಗೆ ಹೊರಳುತ್ತಿದ್ದು, ಡಿಟಿಪಿ ಮಾಡುವವರ ಕಣ್ಣೆದುರು ತೂಗುಹಾಕುವ ಕನ್ನಡ ಫಲಕವು ಸೋಮವಾರದೊಳಗೆ ಸಿದ್ಧವಾಗಬೇಕೆಂದು ಮಿತ್ರರು ಬರೆದಿದ್ದಾರೆ. ಅವರಿಗೆ ಮುಖ್ಯವಾಗಿ ಬೇಕಾಗಿರುವುದು ‘ಓವರ್‌ಸೆಟ್ ಟೆಕ್ಸ್ಟ್’ ಎಂಬುದಕ್ಕೆ, ಎಂದರೆ ಪುಟದ ಚೌಕಟ್ಟಿನಲ್ಲಿ ಹಿಡಿಸದೆ ಮರೆಯಾಗಿ ಉಳಿದ ಬರಹಕ್ಕೆ, ಪದ. ಇದುವರೆಗೆ ಬಂದಿರುವ ಸಲಹೆಗಳು ‘ಅತಿರಿಕ್ತ ಪಠ್ಯ’ ಮತ್ತು ‘ಹೆಚ್ಚುವರಿ ಪಠ್ಯ’. ಎರಡೂ ಬೇಡ.

‘ಹೆಚ್ಚುವರಿ’ ಎಂದರೆ ಇರುವುದರ ಮೇಲೆ ಕೂಡಿಸಿದ್ದು. ಹೆಚ್ಚುವರಿ ಬಸ್ಸು, ಹೆಚ್ಚುವರಿ ಜಿಲ್ಲಾಧಿಕಾರಿ ಎನ್ನುವಾಗ ಆ ಅರ್ಥ ಸರಿಯಾಗಿಯೇ ಇದೆ. ಆದರೆ ಚೌಕಟ್ಟಿನಲ್ಲಿ ಹಿಡಿಸದೆ ಉಳಿದ ಸಾಲುಗಳನ್ನು ಯಾರೂ ಕೂಡಿಸಿದ್ದಲ್ಲ. ಅವು ಬರಹದ ಅಂಗವೇ, ಜಾಗ ಸಿಗದೆ ಕಾಣದಂತಾಗಿವೆ ಅಷ್ಟೆ. ‘ಹೆಚ್ಚುವರಿ ಪಠ್ಯ’ ಎಂದು ಓದಿದ ಹೊಸ ಹುಡುಗ ಅದನ್ನು ಬೇಡದ ಭಾಗವೆಂದು ತಿಳಿದು ಅಳಿಸಿಬಿಟ್ಟರೆ ಅಚ್ಚರಿಯಿಲ್ಲ. ‘ಅತಿರಿಕ್ತ’ದಲ್ಲಿಯೂ ಇದೇ ದೋಷವಿದೆ, ಮೇಲಾಗಿ ಆ ಪದ ನಮ್ಮ ಕಡೆಯ ಯಾವ ಪ್ರೆಸ್ಸಿನವರ ಬಾಯಲ್ಲೂ ಇಲ್ಲ. ಗವಿಮಠದ ಜಾತ್ರೆಯ ಹೊತ್ತಿಗೆ ಅಚ್ಚಾಗುವ ಕರಪತ್ರವೊಂದರಲ್ಲಿ ಕೊನೆಯ ನಾಲ್ಕು ಹೆಸರುಗಳು ಚೌಕಟ್ಟಿನ ಕೆಳಗೆ ಮುಚ್ಚಿಹೋದರೆ ಅವು ಅಚ್ಚಿನಲ್ಲಿಯೂ ಬರುವುದಿಲ್ಲ. ಆದ್ದರಿಂದ ‘ಇನ್ನೂ ಇದೆ, ಜಾಗ ಕೊಡಬೇಕು’ ಎಂಬ ಅರ್ಥವನ್ನು ಪದವೇ ಹೇಳಬೇಕು.

ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದವರು ಇಂಥ ಕಡೆ ‘ಮ್ಯಾಟರ್ ಮಿಕ್ಕಿದೆ’ ಎನ್ನುತ್ತಿದ್ದರು. ಡಿಟಿಪಿಗೆ ಬಂದ ಮೇಲೂ ಆ ಮಾತು ಬದಲಾಗಿಲ್ಲ. ಹಾಗಾಗಿ ‘ಮಿಕ್ಕ ಪಠ್ಯ’ ಎನ್ನೋಣ. ಒಂದೇ ಪದವಾಗಿ ಬೇಕೆಂದರೆ ‘ಮಿಗುಪಠ್ಯ’. ಎರಡನೆಯದನ್ನು ಅರಿಸಮಾಸವೆಂದು (ಕನ್ನಡ, ಸಂಸ್ಕೃತ ಪದಗಳು ಬೆರೆತ ದೋಷದ ಸಮಾಸವೆಂದು) ತಳ್ಳಿಹಾಕುವವರು ವ್ಯಾಕರಣವನ್ನು ಅರ್ಧಕ್ಕೆ ನಿಲ್ಲಿಸಿದ್ದಾರೆ. ‘ಮಿಗು’ ಇಲ್ಲಿ ‘ಮಿಗುವುದು’ ಎಂಬ ಕೃದಂತದಲ್ಲಿ ಧಾತು ಮಾತ್ರ ಉಳಿದ ರೂಪ. ಸಿಡಿಮದ್ದು, ಹುರಿಗಡಲೆಗಳಂತೆ ಇದು ಗಮಕ ಸಮಾಸ. ಗಮಕದಲ್ಲಿ ಕನ್ನಡಕ್ಕೆ ಸಂಸ್ಕೃತ ಸೇರಿದರೆ ಅರಿಸಮಾಸದ ದೋಷವಿಲ್ಲ. ಅದೇ ತಕ್ಕಡಿಯಲ್ಲಿ ತೂಗಿದರೆ, ಎಲ್ಲರೂ ಕಣ್ಣುಮುಚ್ಚಿ ಒಪ್ಪಿರುವ ‘ಸಾಲಂತರ’ವೇ ಅರಿಸಮಾಸ. ‘ಸಾಲಿನ ಅಂತರ’ ಎಂದು ಬಿಡಿಸಿ ಬರೆದರೆ ಷಷ್ಠಿ ಉಳಿಯುತ್ತದೆ, ಸಮಾಸವೇ ಆಗುವುದಿಲ್ಲ, ತಗಾದೆಯೂ ಇಲ್ಲ.

ಅಂತರದ ಮಾತು ಬಂದದ್ದರಿಂದ ಹೇಳುತ್ತೇನೆ. ಸಾಲುಗಳ ನಡುವಿನ ಅಂತರಕ್ಕೆ ಇಂಗ್ಲಿಷಿನಲ್ಲಿರುವ ‘ಲೆಡಿಂಗ್’ ಎಂಬುದನ್ನು ‘ಲೀಡಿಂಗ್’ ಎಂದು ಓದಿ ‘ಮುನ್ನಡೆ’ ಎಂದು ಅನುವಾದಿಸುವುದು ಶುದ್ಧ ತಪ್ಪು. ಅದು ಮೊಳೆಯ ಸಾಲುಗಳ ನಡುವೆ ಇಡುತ್ತಿದ್ದ ಸೀಸದ ಪಟ್ಟಿಯಿಂದ ಬಂದ ಮಾತು. ಬಳ್ಳಾರಿಯವರಿಗೆ ಇದನ್ನು ಹೊರಗಿನವರು ಕಲಿಸಬೇಕಾಗಿಲ್ಲ. 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಟ ‘ಮಂಗಳೂರ ಸಮಾಚಾರ’ವು 1844ರಲ್ಲಿ ‘ಕನ್ನಡ ಸಮಾಚಾರ’ವಾಗಿ ಮೊಳೆಯಲ್ಲಿ ಅಚ್ಚಾದದ್ದು ಬಳ್ಳಾರಿಯಲ್ಲಿಯೇ. ಫಲಕದಲ್ಲಿ ‘ಸಾಲಿನ ಅಂತರ’ದ ಪಕ್ಕದಲ್ಲಿ ಒಂದು ಎಚ್ಚರಿಕೆಯೂ ಇರಲಿ: ಎರಡೂ ತಂತ್ರಾಂಶಗಳು ತಾವಾಗಿ ಕೊಡುವ ಅಂತರ ಅಕ್ಷರದ ಅಳತೆಯ ಶೇ. 120, ಎಂದರೆ 12 ಪಾಯಿಂಟಿಗೆ 14.4. ಇದು ಇಂಗ್ಲಿಷಿನ ಅಳತೆ. ‘ರಾಷ್ಟ್ರ’ದ ಎರಡು ಒತ್ತುಗಳು ಕೆಳಗಿಳಿದು, ಮುಂದಿನ ಸಾಲಿನ ‘ಕಿ’ಯ ಗುಡಿಸಿಗೆ ತಾಗುವಾಗ ಕನ್ನಡಕ್ಕೆ ಅದು ಸಾಲುವುದಿಲ್ಲ.

ಇನ್ನು ‘ಫ್ರೇಮ್’ಗೆ ಬಳಸುವ ‘ಚೌಕಟ್ಟು’ ಹಿಂದಿಯ ಕಡೆಯಿಂದ ಬಂದದ್ದೆಂದು ಒಬ್ಬರು ಆಕ್ಷೇಪಿಸಿ ‘ಬರಹಗಟ್ಟು’ ಎಂದು ಹೊಸೆದಿದ್ದಾರೆ. ಬಾಗಿಲಿಗೆ ಚೌಕಟ್ಟು ನಿಲ್ಲಿಸುವ ಬಡಗಿಯ ಮಾತನ್ನು ಕಿತ್ತುಕೊಂಡು ಯಾರಿಗೂ ತಿಳಿಯದ ಪದವನ್ನು ಕೊಡುವುದು ಭಾಷಾಸೇವೆಯಲ್ಲ. ಎರವಲೆಂಬ ಕಾರಣಕ್ಕೇ ಪದ ತೆಗೆಯುವುದಾದರೆ ‘ಕಾಗದ’ವೂ ಹೋಗಬೇಕು, ಅದು ಪಾರಸಿಯದು. 1956ರವರೆಗೆ ಹೈದರಾಬಾದ್ ಸಂಸ್ಥಾನ, ರಾಜ್ಯಗಳಲ್ಲಿದ್ದ ರಾಯಚೂರು, ಕೊಪ್ಪಳಗಳ ಕಚೇರಿ ಕನ್ನಡದಲ್ಲಿ ಅರ್ಜಿ, ಸಹಿ, ತಾರೀಖುಗಳನ್ನು ಬಿಟ್ಟು ಒಂದು ಪುಟ ಬರೆಯಲಾಗದು. 1953ರವರೆಗೆ ಮದ್ರಾಸಿಗೆ ಸೇರಿದ್ದ ಬಳ್ಳಾರಿಯ ಪ್ರೆಸ್ಸುಗಳಲ್ಲಿ ಪ್ರೂಫ್, ಫಾರಂ, ಮ್ಯಾಟರ್‌ಗಳು ತಲೆಮಾರುಗಳಿಂದ ಕನ್ನಡದ ವಿಭಕ್ತಿ ಹಚ್ಚಿಕೊಂಡು ಓಡಾಡುತ್ತಿವೆ. ತಂತ್ರಾಂಶ ಬದಲಾಗುವುದರಿಂದ ಕೆಲಸಗಾರನ ಕಷ್ಟ ಈಗಾಗಲೇ ಇಮ್ಮಡಿಯಾಗಿರುತ್ತದೆ. ಅದೇ ದಿನ ಅವನ ಬಾಯ ಮಾತನ್ನೂ ಬದಲಾಯಿಸಲು ಹೊರಡುವುದು ನನಗೆ ಒಪ್ಪಿಗೆಯಿಲ್ಲ.

‘ಮಾಸ್ಟರ್ ಪೇಜ್’, ಎಂದರೆ ಉಳಿದ ಪುಟಗಳಿಗೆ ಮಾದರಿಯಾಗುವ ಪುಟ, ಇದರ ಬಗ್ಗೆ ಹೆಚ್ಚು ಜಗಳ ಬೇಡ. ಇನ್‌ಡಿಸೈನ್ 2021ರಲ್ಲಿ ಆ ಹೆಸರನ್ನೇ ‘ಪೇರೆಂಟ್ ಪೇಜ್’ ಎಂದು ಬದಲಿಸಿದೆ. ‘ತಾಯಿಪುಟ’ ಎರಡಕ್ಕೂ ಹೊಂದುತ್ತದೆ.

ಆದರೆ ಪ್ರಶ್ನೆಯಲ್ಲಿಯೇ ಇರುವ ಒಂದು ಪದವನ್ನು ತಿದ್ದಲೇಬೇಕು. ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿದ್ದ ಹಳೆಯ ಕಡತಗಳನ್ನು ಈಗಿನ ಸಾರ್ವತ್ರಿಕ ಅಕ್ಷರಸಂಕೇತವಾದ ಯೂನಿಕೋಡ್‌ಗೆ ತರುವುದನ್ನು ಮಿತ್ರರು ‘ಲಿಪ್ಯಂತರ’ ಎಂದು ಕರೆದಿದ್ದಾರೆ. ಲಿಪಿ ಬದಲಾಗುವುದೇ ಇಲ್ಲ, ಮೊದಲೂ ಕನ್ನಡ, ಆಮೇಲೂ ಕನ್ನಡ. ಹಳೆಯ ಫಾಂಟುಗಳಲ್ಲಿ ತಲಕಟ್ಟು, ದೀರ್ಘ, ಒತ್ತುಗಳು ಬಿಡಿಬಿಡಿ ಚೂರುಗಳಾಗಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳಿತು, ಕಣ್ಣಿಗೆ ಕಾಣುವ ಕ್ರಮದಲ್ಲಿ ಜೋಡಣೆಯಾಗಿರುತ್ತವೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ. ಇದು ‘ಸಂಕೇತ ಪರಿವರ್ತನೆ’. ಪರಿವರ್ತನೆಯಾದ ಮೇಲೆ ‘ರ‍್ಯಾಂಕ್’ ಎಂಬುದು ಅರ್ಕಾವೊತ್ತು ಪಡೆದು ‘ರ್ಯಾಂಕ್’ ಆಗಿದೆಯೇ, ‘ರಾಜ್‌ಕುಮಾರ್’ ಒತ್ತು ಸೇರಿಸಿಕೊಂಡು ‘ರಾಜ್ಕುಮಾರ್’ ಆಗಿದೆಯೇ ಎಂದು ಕರಡು ತಿದ್ದುವವರು ನೋಡಲೇಬೇಕು. ಕಣ್ಣಿಗೆ ಕಾಣದ ಜೋಡಕ, ಬೇರ್ಪಡಕ ಚಿಹ್ನೆಗಳು ಬಿಟ್ಟುಹೋದಾಗ ಹೀಗಾಗುತ್ತದೆ. ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ (ಭಾರತೀಯ ಲಿಪಿಗಳ ಅಕ್ಷರಗಳನ್ನು ಸರಿಯಾಗಿ ಜೋಡಿಸುವ ಸೌಲಭ್ಯ) ಆಯ್ದುಕೊಳ್ಳದೆ ಒತ್ತುಗಳು ಚದುರಿದ್ದರೆ ಪರಿವರ್ತಕವನ್ನು ದೂರಬಾರದು.

ಫಲಕದ ಮೊದಲ ಸಾಲನ್ನು ಹೀಗೆ ಬರೆಯಬಹುದು: ‘ಪೇಜ್‌ಮೇಕರ್‌ನಲ್ಲಿ ಪಠ್ಯದ ಕೆಳಗೆ ಕಾಣುತ್ತಿದ್ದ ಕೆಂಪು ತ್ರಿಕೋನದ ಬದಲು ಇಲ್ಲಿ ಚೌಕಟ್ಟಿನ ಬಲಗಡೆಯ ಕೆಳಮೂಲೆಯಲ್ಲಿ ಕೆಂಪು ಕೂಡು ಚಿಹ್ನೆ ಬರುತ್ತದೆ. ಅದು ಕಂಡರೆ ಮಿಕ್ಕ ಪಠ್ಯ ಇದೆ. ಚಿಹ್ನೆಯನ್ನು ಒತ್ತಿ ಮುಂದಿನ ಚೌಕಟ್ಟಿಗೆ ಹರಿಸಿ.’ ಇಂಗ್ಲಿಷ್ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ಕೊಡಿ, ಪರದೆಯ ಮೇಲೆ ಕೆಲಸಗಾರನಿಗೆ ಕಾಣುವುದು ಅವೇ. ‘ತಾಯಿಪುಟ’ಕ್ಕೆ ರಾಯಚೂರಿನ ಕಡೆ ಬೇರೆ ಮಾತು ಬಳಕೆಯಲ್ಲಿದ್ದರೆ ಬಲ್ಲವರು ಶನಿವಾರದೊಳಗೆ ತಿಳಿಸಬೇಕು, ಆಮೇಲೆ ಫಲಕ ಅಚ್ಚಿಗೆ ಹೋಗುತ್ತದೆ.